ಕಾಫಿ ಮಲೆಯ ಮಕ್ಕಳು ಸಿಗ್ನಲ್ ಹುಡುಕಿದ ಕಥೆ

1996ರ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಒಂದು ಕಾಫಿ ಅಂಗಡಿ ಶುರುವಾಯಿತು. ಕಾಫಿ ಕುಡಿಯುತ್ತ ಕಂಪ್ಯೂಟರ್ ಮುಂದೆ ಕೂತು ಇಂಟರ್‌ನೆಟ್ ನೋಡಬಹುದು ಎಂಬುದೇ ಅದರ ಆಕರ್ಷಣೆ. ವಿಎಸ್‌ಎನ್‌ಎಲ್ ಸಂಸ್ಥೆ ದೇಶದ ಜನರಿಗೆ ಇಂಟರ್‌ನೆಟ್ ಕೊಡಲು ತೊಡಗಿದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಕಾಲೇಜು ಹುಡುಗ ಹುಡುಗಿಯರು ಮೊದಲ ಇಮೇಲ್ ಬರೆದದ್ದು, ಮೊದಲ ಚಾಟ್ ಮಾಡಿದ್ದು ಇಂಥ ಜಾಗಗಳಲ್ಲೇ. ಅಂಗಡಿಯ ಹೆಸರು ಕೆಫೆ ಕಾಫಿ ಡೇ. ಕಟ್ಟಿದವರು ಚಿಕ್ಕಮಗಳೂರು ಸೀಮೆಯ ಕಾಫಿ ಬೆಳೆಗಾರ ಕುಟುಂಬದಲ್ಲಿ ಹುಟ್ಟಿದ ವಿ.ಜಿ. ಸಿದ್ಧಾರ್ಥ. ಮುಂದೆ ಆ ಅಂಗಡಿ ದೇಶದ ಊರೂರಿಗೆ ಹಬ್ಬಿತು. ಮಲೆನಾಡಿನ ಹಳ್ಳಿಗಳಿಂದ ಹೋದ ಎಷ್ಟೋ ಯುವಕ ಯುವತಿಯರು ಅದರ ಸಮವಸ್ತ್ರ ತೊಟ್ಟು ದೊಡ್ಡ ನಗರಗಳಲ್ಲಿ ಕಾಫಿ ಬೆರೆಸಿಕೊಟ್ಟರು.

ಆದರೆ ಆ ಬೀಜ ಬೆಳೆದ ಮಲೆಯಲ್ಲಿ, ಮೂಡಿಗೆರೆ ಕಳಸದ ತೋಟಗಳ ನಡುವೆ, ಇಂಟರ್‌ನೆಟ್ ಎಂಬುದು ಹುಡುಗರ ಕೈಗೆ ನೆಟ್ಟಗೆ ಸಿಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಕೆಲವು ಊರುಗಳಿಗೆ ಅದು ಇಂದಿಗೂ ಪೂರ್ತಿ ಬಂದಿಲ್ಲ. ಇಲ್ಲಿನ ಯುವಜನರ ಮೊಬೈಲ್ ಬಳಕೆಯ ಬಗ್ಗೆ ಮಾತಾಡುವ ಯಾರೇ ಆದರೂ ಮೊದಲು ಈ ಕಾಯುವಿಕೆಯ ಚರಿತ್ರೆಯನ್ನು ತಿಳಿಯಬೇಕು.

ಕಾರಣ ನೆಲದಲ್ಲೇ ಇದೆ. ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವುದು ಈ ಚಿಕ್ಕಮಗಳೂರು ಜಿಲ್ಲೆಯಲ್ಲಿ. ಬಾಬಾಬುಡನ್‌ಗಿರಿ ಸಾಲು ಒಂದು ಕಡೆ, ಕುದುರೆಮುಖ, ಬಲ್ಲಾಳರಾಯನದುರ್ಗ, ಚಾರ್ಮಾಡಿಯ ಸಾಲು ಇನ್ನೊಂದು ಕಡೆ. ಗುಡ್ಡದ ಮರೆಯಲ್ಲಿರುವ ಮನೆಗೆ ರೇಡಿಯೊ ಅಲೆಯಾಗಲಿ ಮೊಬೈಲ್ ಅಲೆಯಾಗಲಿ ಸರಿಯಾಗಿ ಮುಟ್ಟುವುದಿಲ್ಲ. ಜನ ಬಯಲುಸೀಮೆಯವರಂತೆ ಒತ್ತಾಗಿ ಮನೆ ಕಟ್ಟಿಕೊಂಡಿಲ್ಲ. ತೋಟಕ್ಕೊಂದು ಮನೆ, ಅದರಿಂದ ಅರ್ಧ ಮೈಲಿ ದೂರದಲ್ಲಿ ಕೂಲಿಯವರ ಲೈನು, ಆಚೆ ದಿಬ್ಬದಲ್ಲಿ ಮತ್ತೊಂದು ಒಂಟಿ ಮನೆ. ಇಷ್ಟು ಚದುರಿದ ಜನಕ್ಕಾಗಿ ಕಂಬ ನೆಟ್ಟು ತಂತಿ ಎಳೆಯುವುದು ಯಾರಿಗೂ ಲಾಭದ ಕೆಲಸವಾಗಿರಲಿಲ್ಲ. ಎಳೆದ ತಂತಿಯ ಮೇಲೆ ಆಷಾಢದ ಗಾಳಿಗೆ ಮರ ಬೀಳುತ್ತಿತ್ತು. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ ಎಂದರೆ ಉಳಿದದ್ದನ್ನು ಊಹಿಸಬಹುದು.

ಇಂಟರ್‌ನೆಟ್ ಇಲ್ಲದ ಕಾಲಕ್ಕೆ ಹೊರಗಿನ ಲೋಕ ಬರುತ್ತಿದ್ದುದು ಬಸ್ಸಿನಲ್ಲಿ. ಪತ್ರಿಕೆಯ ಕಟ್ಟು, ಅಂಚೆ ಚೀಲ, ಔಷಧ, ಸಿನಿಮಾದ ರೀಲು ಎಲ್ಲವೂ ಘಟ್ಟ ಹತ್ತಿ ಬರಬೇಕು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು, ಅದು ನಿಂತ ಮೇಲೆ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಆರಂಭಿಸಿದ ‘ಸಹಕಾರ ಸಾರಿಗೆ’ಯ ಬಸ್ಸುಗಳು ಮಲೆನಾಡಿನ ದಾರಿಗಳಲ್ಲಿ ಓಡಿದವು. ಬೆಳಗಿನ ಪತ್ರಿಕೆ ಒಳಗಿನ ಊರು ಮುಟ್ಟುವಾಗ ಮಧ್ಯಾಹ್ನ. ಪ್ರಜಾವಾಣಿ, ಉದಯವಾಣಿ, ಸುಧಾ, ತರಂಗಗಳ ಒಂದು ಪ್ರತಿ ಅಂಗಡಿ ಕಟ್ಟೆಯಲ್ಲಿ ಹತ್ತಾರು ಕೈ ದಾಟುತ್ತಿತ್ತು. ಓದು ಬರದವರಿಗೆ ಓದಿ ಹೇಳುವ ಕೆಲಸ ಹೈಸ್ಕೂಲಿಗೆ ಹೋಗುವ ಹುಡುಗನದ್ದು. ಊರಿನ ಹಿರಿಯರ ಮುಂದೆ ಅವನಿಗೊಂದು ಸ್ಥಾನ ಸಿಗುತ್ತಿದ್ದುದು ಈ ಕೆಲಸದಿಂದಲೇ. ಸುದ್ದಿ ಆಗ ಹುಡುಗರಿಂದ ದೊಡ್ಡವರಿಗೆ ಹೋಗುತ್ತಿತ್ತು, ಎಲ್ಲರ ಎದುರಿನಲ್ಲೇ ಹೋಗುತ್ತಿತ್ತು.

ರೇಡಿಯೊ ಈ ಕ್ರಮವನ್ನು ಒಂದಷ್ಟು ಬದಲಿಸಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ಆರಂಭಿಸಿದ್ದು 1935ರಲ್ಲಿ. ಮಲೆನಾಡಿಗೆ ಹತ್ತಿರದ ನಿಲಯ ದೊರೆತದ್ದು ಅದಾಗಿ ಮೂವತ್ತು ವರ್ಷಗಳ ಮೇಲೆ, 1965ರಲ್ಲಿ, ಭದ್ರಾವತಿಯಲ್ಲಿ. ಮಂಗಳೂರು ನಿಲಯ 1976ರಲ್ಲಿ ಬಂತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಅದು. ಆ ಪದ್ಧತಿ 1980ರ ದಶಕದ ನಡುವಿನವರೆಗೂ ಇತ್ತು. ಹೀಗಾಗಿ ಪೆಟ್ಟಿಗೆ ಇರುತ್ತಿದ್ದುದು ತೋಟದ ದೊಡ್ಡ ಮನೆಯಲ್ಲಿ. ಸಂಜೆ ವಾರ್ತೆಯ ಹೊತ್ತಿಗೆ ಜಗಲಿಯ ಮೇಲೆ ಸಾಹುಕಾರರು, ಮೆಟ್ಟಿಲ ಬಳಿ ತೋಟದ ಲೆಕ್ಕ ಬರೆಯುವ ರೈಟರು ಮತ್ತು ಮೇಸ್ತ್ರಿ, ಅಂಗಳದಲ್ಲಿ ಲೈನಿನ ಹುಡುಗರು. ಒಂದೇ ದನಿಯನ್ನು ಎಲ್ಲರೂ ಕೇಳುತ್ತಿದ್ದರು ನಿಜ, ಆದರೆ ಯಾರು ಎಲ್ಲಿ ನಿಂತು ಕೇಳಬೇಕು ಎಂಬುದನ್ನು ತೋಟದ ವ್ಯವಸ್ಥೆ ಮೊದಲೇ ಹೇಳಿಬಿಟ್ಟಿರುತ್ತಿತ್ತು. ಯಾವ ಕಾರ್ಯಕ್ರಮ, ಎಷ್ಟು ಹೊತ್ತು, ಎಷ್ಟು ಜೋರು ಎಂಬ ತೀರ್ಮಾನ ಅಂಗಳದಲ್ಲಿದ್ದವರದ್ದಲ್ಲ.

ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ಬಂದಮೇಲೆ ಲೈನಿನ ಹುಡುಗನಿಗೂ ಆ ತೀರ್ಮಾನದಲ್ಲಿ ಪಾಲು ಸಿಕ್ಕಿತು. ಬೋನಸ್ ದುಡ್ಡಿನಲ್ಲಿ ಕೊಂಡ ಟ್ರಾನ್ಸಿಸ್ಟರನ್ನು ಕಾಫಿ ಕೊಯ್ಲಿನ ದಿನ ಗಿಡದ ಬುಡದಲ್ಲಿಟ್ಟು ಹಾಡು ಕೇಳುವುದು ದೊಡ್ಡ ಸಂಭ್ರಮ. ವಿವಿಧ ಭಾರತಿಯ ಹಿಂದಿ ಹಾಡುಗಳು, ರೇಡಿಯೊ ಸಿಲೋನ್, ಭದ್ರಾವತಿಯ ಚಿತ್ರಗೀತೆಗಳು ತೋಟದೊಳಗೆ ಬಂದವು. ಮೆಚ್ಚಿನ ಹಾಡಿಗಾಗಿ ನಿಲಯಕ್ಕೆ ಕಾರ್ಡು ಬರೆಯುವುದು, ವಾರಗಟ್ಟಲೆ ಕಾಯುವುದು, ಕೊನೆಗೊಂದು ದಿನ ತನ್ನ ಹೆಸರೂ ಊರ ಹೆಸರೂ ರೇಡಿಯೊದಲ್ಲಿ ಕೇಳಿ ಕುಣಿದಾಡುವುದು ಒಂದು ತಲೆಮಾರಿನ ಹರೆಯದ ಅನುಭವ. ತಮ್ಮ ಹೆಸರು ದೂರದವರ ಕಿವಿಗೆ ಬೀಳಬೇಕೆಂಬ ಆಸೆ ಇನ್‌ಸ್ಟಾಗ್ರಾಂ ಜೊತೆ ಹುಟ್ಟಿದ್ದಲ್ಲ.

1978ರ ನವೆಂಬರ್‌ನಲ್ಲಿ ಲೋಕವೇ ಈ ಮಲೆಯ ಹೆಸರು ಕೇಳಿತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿ ಸ್ಪರ್ಧಿಸಿದರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ. ದೇಶ ವಿದೇಶದ ಪತ್ರಕರ್ತರು ಕಾಫಿ ತೋಟಗಳ ದಾರಿ ಹಿಡಿದರು. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಜೀಪಿನ ಮೇಲೆ ಕಟ್ಟಿದ ಮೈಕು, ಗೋಡೆ ಬರಹ, ಕರಪತ್ರಗಳಲ್ಲೇ ಆ ಚುನಾವಣೆ ನಡೆಯಿತು. ಆದರೆ ಚುನಾವಣೆಯ ಫಲಿತಾಂಶವನ್ನು ಮಲೆಯ ಜನ ಕೇಳಿದ್ದು ತಮ್ಮ ಊರಿನದ್ದಲ್ಲದ ನಿಲಯದ ರೇಡಿಯೊದಲ್ಲಿ.

ಇದೇ ಹೊತ್ತಿನಲ್ಲಿ ಮೂಡಿಗೆರೆಯ ಒಂದು ತೋಟದಲ್ಲಿ ಕೂತು ಬರೆಯುತ್ತಿದ್ದವರು ಪೂರ್ಣಚಂದ್ರ ತೇಜಸ್ವಿ. ಮೈಸೂರಿನಲ್ಲಿ ಓದಿದ ಕುವೆಂಪು ಅವರ ಮಗ ಉದ್ಯೋಗ ಹುಡುಕದೆ ಕಾಫಿ ಬೆಳೆಯಲು ಇಲ್ಲಿಗೆ ಬಂದದ್ದು 1960ರ ದಶಕದಲ್ಲಿ. ಅವರ ಕಾದಂಬರಿ ‘ಕರ್ವಾಲೊ’ ಪ್ರಕಟವಾದದ್ದು 1980ರಲ್ಲಿ. ಈ ಸೀಮೆಯ ಯುವಕರ ಮೇಲೆ ಆದ ಪ್ರಭಾವಗಳ ಪಟ್ಟಿ ಮಾಡಿದರೆ ತೇಜಸ್ವಿಯವರನ್ನು ಯಾವ ಟಿ.ವಿ. ವಾಹಿನಿಗಿಂತಲೂ ಮೇಲೆ ಇಡಬೇಕು. ತಮ್ಮದೇ ತೋಟ, ತಮ್ಮದೇ ಹಳ್ಳ, ‘ಕರ್ವಾಲೊ’ದ ಮಂದಣ್ಣನಂಥ ತಮ್ಮೂರಿನ ಜನ ಪುಸ್ತಕದೊಳಗೆ ಬರಬಹುದು ಎಂದು ಮೂಡಿಗೆರೆಯ ಹುಡುಗರಿಗೆ ಗೊತ್ತಾದದ್ದು ಅವರಿಂದ. ಕ್ಯಾಮೆರಾ ಹಿಡಿದು ಹಕ್ಕಿಯ ಹಿಂದೆ ಹೋಗುವುದನ್ನು ಗೌರವದ ಕೆಲಸ ಮಾಡಿದವರೂ ಅವರೇ.

ಕಂಪ್ಯೂಟರಿನ ವಿಷಯದಲ್ಲಿ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು. ಕನ್ನಡ ಯಂತ್ರದೊಳಗೆ ಸರಾಗವಾಗಿ ಓಡಾಡದಿದ್ದರೆ ಹೊಸ ತಲೆಮಾರು ಅದನ್ನು ಕೈಬಿಡುತ್ತದೆ ಎಂಬ ಆತಂಕ ಅವರದು. ಕನ್ನಡ ತಂತ್ರಾಂಶಗಳ ಗುಣಮಟ್ಟಕ್ಕಾಗಿ ಸರ್ಕಾರವನ್ನು ಕಾಡಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ ‘ಕುವೆಂಪು’ ಕನ್ನಡ ತಂತ್ರಾಂಶ ರೂಪಿಸಲು ದುಡಿದರು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡಾಗ ಮಲೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಇಂದು ಕಳಸದ ಹುಡುಗಿ ಕನ್ನಡ ಅಕ್ಷರದಲ್ಲೇ ಗೆಳತಿಗೆ ಸಂದೇಶ ಕಳಿಸುವುದರ ಹಿಂದೆ ಹಲವರ ಶ್ರಮವಿದೆ; ಅದರಲ್ಲಿ ಮೂಡಿಗೆರೆಯ ಆ ತೋಟದ ಮನೆಯ ಪಾಲೂ ಸೇರಿದೆ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಅಲ್ಲಿಗೆ ಬರುವವರಲ್ಲಿ ಅವರನ್ನು ಕಣ್ಣಾರೆ ಕಾಣದ ಎಳೆಯರೂ ಇದ್ದಾರೆ.

ಇನ್ನು ಟಿ.ವಿ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್‌ನಲ್ಲಿ. ಮಲೆಯ ಮನೆಗಳಿಗೆ ಚಿತ್ರ ಬರಬೇಕಾದರೆ ಮನೆಯವರು ಚಿತ್ರವಿದ್ದಲ್ಲಿಗೆ ಹೋಗಬೇಕಿತ್ತು. ಆಂಟೆನಾವನ್ನು ಉದ್ದನೆಯ ಬಿದಿರು ಗಳಕ್ಕೋ ಕಬ್ಬಿಣದ ಪೈಪಿಗೋ ಕಟ್ಟಿ ಮನೆ ಹಿಂದಿನ ದಿಬ್ಬದ ತುದಿಯಲ್ಲಿ ನಿಲ್ಲಿಸಿ, ಅಲ್ಲಿಂದ ಮನೆವರೆಗೆ ವಯರು ಎಳೆದು, ನಡುವೆ ಬೂಸ್ಟರ್ ಹಾಕಿ, ಒಬ್ಬ ಮೇಲೆ ನಿಂತು ತಿರುಗಿಸುತ್ತ, ಇನ್ನೊಬ್ಬ ಬಾಗಿಲಲ್ಲಿ ನಿಂತು ಕೂಗುತ್ತ ಇದ್ದರು. “ಬಂತೇನೋ?” “ಇಲ್ಲ ಕಣೋ, ಬರೀ ಚುಕ್ಕಿ ಬರ್ತಿದೆ, ಸ್ವಲ್ಪ ಬಲಕ್ಕೆ ತಿರುಗ್ಸು!” ಗಾಳಿ ಬಂದರೆ ಆಂಟೆನಾ ತಿರುಗಿ ಮತ್ತೆ ಮೊದಲಿನ ಕಥೆ. ಕರೆಂಟು ಹೋದರೆ ಜೀಪಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸುತ್ತಿದ್ದರು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ ಬರತೊಡಗಿದಾಗ ಟಿ.ವಿ. ಇದ್ದ ಮನೆಯ ಹಾಲು ತುಂಬಿ ಕಿಟಕಿಯಲ್ಲೂ ತಲೆಗಳು ಇಣುಕುತ್ತಿದ್ದವು. ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂಬ ರೇಡಿಯೊ ಕಾಲದ ಲೆಕ್ಕ ಇಲ್ಲಿಯೂ ಇತ್ತು, ಜನ ಹೆಚ್ಚಾದಂತೆ ಅದು ಸ್ವಲ್ಪ ಸಡಿಲವಾಯಿತು ಅಷ್ಟೆ.

ಕಳಸದ ಆಚೆ ಕುದುರೆಮುಖದಲ್ಲಿ ಮಾತ್ರ ಬೇರೆಯದೇ ಲೋಕವಿತ್ತು. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಕಾಡಿನ ನಡುವೆ ಊರನ್ನೇ ಕಟ್ಟಿತ್ತು. ದೇಶದ ನಾನಾ ಕಡೆಯ ಕುಟುಂಬಗಳು, ಶಾಲೆ, ಆಸ್ಪತ್ರೆ, ಹಿಂದಿ ಇಂಗ್ಲಿಷ್ ಮಾತಾಡುವ ಮಕ್ಕಳು. ಸುತ್ತಲಿನ ಹಳ್ಳಿಯ ಹುಡುಗರು ಪಟ್ಟಣದ ಬದುಕು ಹೇಗಿರುತ್ತದೆ ಎಂದು ಮೊದಲು ಕಂಡದ್ದು ಅಲ್ಲಿ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಮನೆಗಳು ಖಾಲಿಯಾದವು.

ಕಾಫಿ ವ್ಯಾಪಾರದಲ್ಲಿ ಆದ ಬದಲಾವಣೆಯೂ ಹೊಸ ಮಾಧ್ಯಮವನ್ನು ತೋಟಕ್ಕೆ ಎಳೆದು ತಂದಿತು. ಇದನ್ನು ಕೊಂಚ ಬಿಡಿಸಿ ಹೇಳಬೇಕು. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಸಾಮೂಹಿಕ ಸಂಗ್ರಹಕ್ಕೇ, ಅಂದರೆ ಪೂಲ್‌ಗೇ, ಕೊಡಬೇಕಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. ದಿನದ ದರ ತಿಳಿದುಕೊಂಡು ಮಾಡುವುದಕ್ಕೆ ಏನೂ ಇರಲಿಲ್ಲ. 1992ರಿಂದ ಈ ಕಟ್ಟು ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಷ್ಟರೊಳಗೆ, 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಗಿಡ ಸುಟ್ಟಾಗ ಇಲ್ಲಿ ದರ ಏರಿದ್ದನ್ನು ಬೆಳೆಗಾರರು ಕಂಡಿದ್ದರು. ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್: ಎರಡು ದೂರದ ಪೇಟೆಗಳ ಆಗುಹೋಗು ಮೂಡಿಗೆರೆಯ ಕಣದಲ್ಲಿ ಒಣಗುವ ಚೆರ್ರಿಯ ಬೆಲೆ ನಿರ್ಧರಿಸತೊಡಗಿತು. ಎಸ್‌ಟಿಡಿ ಬೂತಿಗೆ ಹೋಗಿ ಚಿಕ್ಕಮಗಳೂರಿನ ವ್ಯಾಪಾರಿಗೆ ಫೋನ್ ಮಾಡುವ ಅಪ್ಪ, ಇಂಗ್ಲಿಷ್ ಬಲ್ಲ ಮಗನನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಅಂಗಡಿ ಕಟ್ಟೆಯಲ್ಲಿ ಪತ್ರಿಕೆ ಓದಿ ಹೇಳುತ್ತಿದ್ದ ಹುಡುಗನ ಕೆಲಸವೇ ಇನ್ನೊಂದು ರೂಪದಲ್ಲಿ ಮುಂದುವರಿಯಿತು.

ಅದೇ ದಶಕದಲ್ಲಿ ಕೇಬಲ್ ಬಾರದ ತೋಟಗಳ ಅಂಗಳದಲ್ಲಿ ದೊಡ್ಡ ದೊಡ್ಡ ಡಿಶ್‌ಗಳು ಕಾಣಿಸಿಕೊಂಡವು. 1994ರಲ್ಲಿ ಆರಂಭವಾದ ಉದಯ ಟಿ.ವಿ. ಅವುಗಳ ಮೂಲಕ ಮಲೆಗೆ ಬಂತು.  2000ನೇ ಇಸವಿಯ ಆಸುಪಾಸಿಗೆ ಚಿಕ್ಕಮಗಳೂರು ಪೇಟೆಯಲ್ಲಿ ಸೈಬರ್ ಸೆಂಟರ್‌ಗಳು ತೆರೆದವು. ಸಿಇಟಿ ಫಲಿತಾಂಶದ ದಿನ ಒಳಹಳ್ಳಿಯಿಂದ ಬಸ್ಸು ಹಿಡಿದು ಬಂದ ವಿದ್ಯಾರ್ಥಿಗಳು ಅಲ್ಲಿ ಸಾಲುಗಟ್ಟುತ್ತಿದ್ದರು. ಒಳ್ಳೆಯ ರ‍್ಯಾಂಕ್ ಬಂದವರು ಬೆಂಗಳೂರಿಗೆ ಹೋದರು, ಬಹಳ ಮಂದಿ ತಿರುಗಿ ಬರಲಿಲ್ಲ. ಇಂಟರ್‌ನೆಟ್ ಮಲೆಯನ್ನು ತಲುಪುವ ಮೊದಲೇ ಮಲೆಯ ಮಕ್ಕಳು ಇಂಟರ್‌ನೆಟ್ ಇದ್ದಲ್ಲಿಗೆ ಹೊರಟುಹೋದರು.

ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ದೇಶದಲ್ಲಿ ಶುರುವಾದದ್ದು 2002ರಲ್ಲಿ. ಅದಾದ ಮೇಲೆ ಮಲೆಯ ಪ್ರತಿ ಊರಿಗೂ ‘ಟವರ್ ಸಿಗುವ ಜಾಗ’ ಎಂಬುದೊಂದು ಹುಟ್ಟಿತು. ಒಂದು ಬಂಡೆ, ಒಂದು ತಿರುವು, ತೋಟದ ಗೇಟಿನ ಬಲಗಡೆಯ ಕಲ್ಲುಕಂಬ, ನೀರಿನ ಟ್ಯಾಂಕಿನ ಮೇಲ್ಭಾಗ. ಎಲ್ಲಿ ನಿಂತರೆ ಎಷ್ಟು ಕಡ್ಡಿ ಬರುತ್ತದೆ ಎಂಬುದು ಹುಡುಗರಿಗೆ ಬಾಯಿಪಾಠ. ಆ ಜಾಗದಲ್ಲಿ ಸಂಜೆ ನಾಲ್ಕಾರು ಮಂದಿ ಇದ್ದೇ ಇರುತ್ತಿದ್ದರು. ದೊಡ್ಡ ಮನೆಯ ಹುಡುಗ, ಲೈನಿನ ಹುಡುಗ, ರೈಟರ ಮಗಳು ಎಲ್ಲರೂ ಒಂದೇ ಬಂಡೆಗೆ ಬರಬೇಕು. ಜಗಲಿಯೂ ಅಂಗಳವೂ ಮಾಡಲಾರದ್ದನ್ನು ಆ ಬಂಡೆ ಸ್ವಲ್ಪ ಮಟ್ಟಿಗೆ ಮಾಡಿತು. ಗುಟ್ಟಿನ ಮಾತಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಪ್ರೀತಿ ಮಾತಾಡುವವರು ಇನ್ನೂ ಮೇಲಿನ ಬಂಡೆ ಹುಡುಕಿದರು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ದೇಶದಲ್ಲಿ ಡೇಟಾ ದರ ಬಿದ್ದಾಗ ಪೇಟೆ, ಹೆದ್ದಾರಿ ಬದಿಯ ಊರುಗಳಲ್ಲಿ ಚಿತ್ರ ಬದಲಾಯಿತು. ಯಕ್ಷಗಾನ, ಕ್ರಿಕೆಟ್, ಸಿನಿಮಾ, ಬೈಕಿನ ವಿಡಿಯೊ ಎಲ್ಲವೂ ಅಂಗೈಗೆ ಬಂದವು. ಈ ಮಲೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಯುವಜನರು ಒಬ್ಬೊಬ್ಬರೇ ಕೂತು ನೋಡುವ ಮಾಧ್ಯಮ ಇದು. ಎಷ್ಟು ಗಂಟೆ ನೋಡುತ್ತಾರೆ ಎಂಬ ಲೆಕ್ಕಕ್ಕಿಂತ ಈ ಬದಲಾವಣೆ ದೊಡ್ಡದು. ಪತ್ರಿಕೆ, ರೇಡಿಯೊ, ಟಿ.ವಿ. ಮೂರರಲ್ಲೂ ಪಕ್ಕದಲ್ಲೊಬ್ಬರು ಇರುತ್ತಿದ್ದರು. “ಇದೆಲ್ಲ ಸುಳ್ಳು ಕಣೋ” ಎನ್ನುವ ಅಜ್ಜನೋ, “ಹೀಗೂ ಇರ್ತದಾ?” ಎಂದು ಬೆರಗಾಗುವ ತಂಗಿಯೋ. ಈಗ ಸುಳ್ಳನ್ನು ಸುಳ್ಳೆನ್ನುವ ಕೆಲಸ ನೋಡುವವರ ಪಾಲಿಗೇ ಬಿದ್ದಿದೆ. ಬಾಬಾಬುಡನ್‌ಗಿರಿಯ ದತ್ತಪೀಠ–ದರ್ಗಾ ವಿವಾದ ಡಿಸೆಂಬರ್ ಬಂದಾಗಲೆಲ್ಲ ಕಾವೇರುವುದು ಹಳೆಯದು. ಕರಪತ್ರ, ಕ್ಯಾಸೆಟ್ ಭಾಷಣಗಳಿಂದ ಹರಡುತ್ತಿದ್ದ ಮಾತು ಈಗ ವಾಟ್ಸ್‌ಆ್ಯಪ್‌ನಲ್ಲಿ ಹೊರಡುತ್ತದೆ. ಕರಪತ್ರದಲ್ಲಿ ಮುದ್ರಕನ ಹೆಸರಾದರೂ ಇರುತ್ತಿತ್ತು.

ಅದೇ ವಾಟ್ಸ್‌ಆ್ಯಪ್ 2019ರ ಆಗಸ್ಟ್‌ನಲ್ಲಿ ಜೀವ ಉಳಿಸಲು ನೆರವಾಯಿತು. ಆ ವಾರ ಸುರಿದ ಮಳೆಗೆ ಮೂಡಿಗೆರೆ, ಕಳಸದ ಸುತ್ತ ಗುಡ್ಡಗಳು ಜಾರಿದವು. ಮಲೆಮನೆ, ಆಲೇಖಾನ್ ಹೊರಟ್ಟಿಯಂಥ ಊರುಗಳಲ್ಲಿ ಮನೆ ತೋಟ ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿಯಿತು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿತು. ಎಲ್ಲೆಲ್ಲಿ ಸಿಗ್ನಲ್ ಉಳಿದಿತ್ತೋ ಅಲ್ಲಿಂದ ಹುಡುಗರು ಸಿಕ್ಕಿಬಿದ್ದವರ ವಿವರ ಕಳಿಸಿದರು, ಬೆಂಗಳೂರಿನಲ್ಲಿದ್ದ ಮಲೆನಾಡಿನ ಮಕ್ಕಳು ಅಕ್ಕಿ, ಕಂಬಳಿ, ಔಷಧ ಕೂಡಿಸಿದರು. ಸಿಗ್ನಲ್ ಉಳಿದದ್ದು ಮಾತ್ರ ಕೆಲವೇ ಕಡೆ. ಕರೆಂಟು ಹೋಗಿ ಟವರಿನ ಜನರೇಟರಿಗೆ ಡೀಸೆಲ್ ಮುಗಿದಲ್ಲಿ ಊರಿಗೆ ಊರೇ ಮೌನವಾಯಿತು.

ಮರುವರ್ಷ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಕಾಫಿ ಮಲೆಯ ಮಕ್ಕಳು ತಮ್ಮ ಅಪ್ಪಂದಿರು ಆಂಟೆನಾ ಹೊತ್ತು ಹತ್ತಿದ್ದ ದಿಬ್ಬಗಳನ್ನೇ ಪುಸ್ತಕ ಹೊತ್ತು ಹತ್ತಿದರು. ಆನ್‌ಲೈನ್ ತರಗತಿಗೆ ಸಿಗ್ನಲ್ ಸಿಗುವ ಗುಡ್ಡದ ತಲೆಯ ಮೇಲೆ ಟಾರ್ಪಾಲು ಕಟ್ಟಿ, ಉಂಬಳ ಕೀಳುತ್ತ, ಮಳೆಗೆ ಕೊಡೆ ಹಿಡಿದು ಪಾಠ ಕೇಳಿದರು. ಇದು ಇಡೀ ಪಶ್ಚಿಮಘಟ್ಟದ ಕಥೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಬಳಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನಾಡೆಲ್ಲ ಹರಿದಾಡಿತು. ಕೊಡಗಿನ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿ ಅಲ್ಲಿಂದ ಪಾಠ ಮಾಡಿದರು. ಸರ್ಕಾರ 2020ರ ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಪ್ರಸಾರ ಮಾಡಿತು; ಅಂತರ್ಜಾಲವಿಲ್ಲದ ಮನೆಗೆ ಹಳೆಯ ದೂರದರ್ಶನವೇ ಆಸರೆಯಾಯಿತು. ಅದೇ ವರ್ಷಾಂತ್ಯದ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಮಲೆನಾಡಿನ ಹಲವೆಡೆ ಯುವಕರು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಫಲಕ ಹಾಕಿದರು. ಹಿಂದೆ ರಸ್ತೆಗಾಗಿ, ಸೇತುವೆಗಾಗಿ ಮಾಡುತ್ತಿದ್ದ ಮತ ಬಹಿಷ್ಕಾರ ಟವರಿಗಾಗಿಯೂ ಆಯಿತು.

ಮೊಬೈಲಿನಿಂದ ಹುಡುಗರು ಕೆಟ್ಟರು ಎಂಬ ಮಾತು ಕಳಸದಲ್ಲೂ ಕೇಳಿಬರುತ್ತದೆ. ಆದರೆ ಪಾಠಕ್ಕಾಗಿ ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿದ ಮಕ್ಕಳ ಬಗ್ಗೆ ಆ ಮಾತನ್ನು ಅಷ್ಟು ಸಲೀಸಾಗಿ ಆಡುವುದು ಅನ್ಯಾಯ. ಅವರ ಕೈಗೆ ಫೋನ್ ಕೊಟ್ಟದ್ದು ಶಾಲೆಯೇ. ಕೊಟ್ಟ ಮೇಲೆ ಅದರಲ್ಲಿ ಏನಿದೆ, ಯಾವುದನ್ನು ನಂಬಬೇಕು ಎಂದು ಹೇಳಿಕೊಡುವವರು ಬರಲಿಲ್ಲ.

ಜೂಜಿನ ಉದಾಹರಣೆ ನೋಡಬಹುದು. ಇಸ್ಪೀಟು, ಓಸಿ ಚೀಟಿ ಈ ಪೇಟೆಗಳಿಗೆ ಹೊಸದಲ್ಲ. ಕೊಯ್ಲಿನ ದುಡ್ಡು ಕೈಗೆ ಬಂದ ತಿಂಗಳಲ್ಲಿ ಎಷ್ಟೋ ಮನೆಗಳು ಅದರಿಂದ ನಲುಗಿವೆ. ಆದರೆ ಆಗ ಆಡುವವನು ಎಲ್ಲಿ ಹೋದನೆಂದು ಊರಿಗೆ ತಿಳಿಯುತ್ತಿತ್ತು. ಫೋನಿನೊಳಗಿನ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಮನೆಯವರಿಗೆ ಗೊತ್ತಾಗುವುದು ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ. ರಾಜ್ಯ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದದ್ದು 2025ರ ಆಗಸ್ಟ್‌ನಲ್ಲಿ.

ರೀಲ್ಸ್‌ಗಳ ಕಥೆ ಇನ್ನೊಂದು ಬಗೆಯದು. ದೇವರಮನೆ, ಎತ್ತಿನಭುಜ, ರಾಣಿಝರಿ, ಕ್ಯಾತನಮಕ್ಕಿ ಹತ್ತಿರದ ಊರಿನವರಿಗೆ ದನ ಮೇಯಿಸುವ, ದೇವರಿಗೆ ಹೋಗುವ ಗುಡ್ಡಗಳಾಗಿದ್ದವು. ಅರ್ಧ ನಿಮಿಷದ ಮಂಜಿನ ವಿಡಿಯೊಗಳು ಅವನ್ನು ಇಡೀ ರಾಜ್ಯದ ವಾರಾಂತ್ಯದ ಜಾಗ ಮಾಡಿದವು. ಊರಿನ ಹುಡುಗನಿಗೆ ಇದರಿಂದ ದುಡಿಮೆ ಸಿಕ್ಕ ಮಾತು ಸುಳ್ಳಲ್ಲ: ಜೀಪು ಓಡಿಸುತ್ತಾನೆ, ಹೋಂಸ್ಟೇ ನಡೆಸುತ್ತಾನೆ, ತಾನೇ ವಿಡಿಯೊ ಮಾಡಿ ಗಿರಾಕಿ ಹಿಡಿಯುತ್ತಾನೆ. ಜೊತೆಗೇ ಹುಲ್ಲುಗಾವಲಿನಲ್ಲಿ ಬಾಟಲಿ, ಕಿರಿದಾದ ದಾರಿಯಲ್ಲಿ ಗಂಟೆಗಟ್ಟಲೆ ವಾಹನ ಸಾಲು. 2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಆನ್‌ಲೈನ್ ಮುಂಗಡ ನೋಂದಣಿ ಕಡ್ಡಾಯ ಮಾಡಬೇಕಾಯಿತು. ಮೊಬೈಲ್ ತಂದ ಜನಸಂದಣಿಯನ್ನು ಮೊಬೈಲಿನಿಂದಲೇ ತಡೆಯುವ ಪ್ರಯತ್ನ ಅದು.

ತೋಟದ ಕೆಲಸವೂ ಪರದೆಗೆ ಬಂದಿದೆ. ಕಾಫಿ ಬೋರ್ಡ್ 2018ರಲ್ಲಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ ಮೊದಲು ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರಿಗೆ ಫೋನಿನಲ್ಲಿ ಕನ್ನಡದ ದನಿಯ ಸಲಹೆ ಕೊಟ್ಟಿತು. ಅದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. 2024ರಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5 ಸಾವಿರ ಡಾಲರ್ ದಾಟಿದ ಸುದ್ದಿ ತೋಟದೊಳಗಿನ ಹುಡುಗನಿಗೆ ಅಂದೇ ಗೊತ್ತಾಯಿತು. ಕಣದಲ್ಲಿ ಒಣಗುವ ಕಾಫಿಗೆ ಕಳ್ಳರ ಭಯ ಹೆಚ್ಚಿ ಸಿಸಿಟಿವಿ ಬಂತು, ಅದನ್ನು ಫೋನಿನಲ್ಲಿ ನೋಡುವವರು ಮನೆಯ ಮಕ್ಕಳು. 2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ರಚಿಸಿದ ಮೇಲೆ ಕಾಡಾನೆ ಯಾವ ತೋಟದಲ್ಲಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅದನ್ನು ನೋಡುವುದು ಮೂಡಿಗೆರೆ ಕಡೆ ಅಭ್ಯಾಸವಾಗಿದೆ. ಸಿಗ್ನಲ್ ಇಲ್ಲದ ಲೈನಿಗೆ ಆ ಎಚ್ಚರಿಕೆ ತಲುಪದು. ಕತ್ತಲಲ್ಲಿ ನಡೆದು ಬರುವವರು ಅಲ್ಲಿಯವರೇ.

ಮನೆಯೊಳಗೂ ಅಸಮತೆ ಇದೆ. 2023ರ ‘ಅಸರ್’ ಶಿಕ್ಷಣ ಸಮೀಕ್ಷೆ ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಮಾತಾಡಿಸಿತು. ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇತ್ತು, ಹುಡುಗಿಯರಲ್ಲಿ ಶೇ 19.8 ಮಂದಿಗೆ. ಮಲೆಯ ಮನೆಗಳಲ್ಲೂ ಫೋನ್ ಮೊದಲು ಅಣ್ಣನ ಕೈಗೆ ಹೋಗುತ್ತದೆ. ತಂಗಿಗೆ ಸಿಗುವುದು ಅವನು ಮಲಗಿದ ಮೇಲೆ, ಅಥವಾ ಅವಳು ಓದಲು ಊರು ಬಿಟ್ಟು ಹಾಸ್ಟೆಲ್ ಸೇರಿದ ಮೇಲೆ.

ಲೈನು ಮನೆಗಳಲ್ಲಿ ಈಗ ಇರುವವರಲ್ಲಿ ಹಲವರು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಎಳೆಯ ಕೂಲಿಗಳು. ಹಿಂದೆ ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಬಂದವರು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮನೆಯವರ ಮುಖ ನೋಡುತ್ತಿದ್ದರು. ಇವರು ಕೆಲಸ ಮುಗಿಸಿ ಸಿಗ್ನಲ್ ಸಿಗುವ ಜಾಗಕ್ಕೆ ನಡೆದು ಹೋಗಿ ದಿನವೂ ವಿಡಿಯೊ ಕಾಲ್ ಮಾಡುತ್ತಾರೆ. ಮನೆಗೆ ಹಣ ಕಳಿಸುವುದೂ ಅಲ್ಲಿಂದಲೇ, ತಮ್ಮ ಭಾಷೆಯ ಹಾಡು ಕೇಳುವುದೂ ಅಲ್ಲೇ. ಅವರ ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಸಿಗ್ನಲ್‌ಗಾಗಿ ಹೀಗೆ ನಡೆಯುವುದು ಮಾತ್ರ ಇನ್ನೂ ತಪ್ಪಿಲ್ಲ. ನೆಟ್‌ವರ್ಕ್ ಮುಟ್ಟದ ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿ ಬಿಎಸ್‌ಎನ್‌ಎಲ್‌ಗೆ ವಹಿಸಿತು. ಮಲೆಯಲ್ಲಿ ಟವರ್ ನಿಲ್ಲಿಸಿದರೆ ಸಾಲದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಹೋದ ದಿನಗಳಲ್ಲಿ ಅದನ್ನು ನಡೆಸಲು ಬ್ಯಾಟರಿ ಮತ್ತು ಡೀಸೆಲ್ ಬೇಕು. ಯಾವ ಟವರಿಗೆ ಯಾರು ಡೀಸೆಲ್ ಹಾಕಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಪಂಚಾಯಿತಿ ಮಟ್ಟದಲ್ಲಿ ಬರೆದಿಡಬೇಕೆಂದು ಕೇಳುವ ಅರ್ಜಿ ಹಿಡಿದು ಕಚೇರಿಗೆ ಹೋಗುವವರು ಈಗಲೂ ಇಲ್ಲಿನ ಯುವಕ ಯುವತಿಯರೇ.